ಖಾಲಿಯಂತೆ ಕಂಡ ಶೀಶೆ

ಅಥವಾ ಕಲ್ಲೇ ಮೊದಲು ಬಿದ್ದಿರಬೇಕು, ಹೊಗೆ ಆಮೇಲೆ ಎದ್ದಿತು. ಎರಡೂ ಕ್ರಮದಲ್ಲಿ ನನಗೆ ನೆನಪಿದೆ; ಎರಡರಲ್ಲೊಂದು ಸುಳ್ಳು. ಹೊಗೆ ಮೊದಲಾದರೆ ಜನ ಹೆದರಿ ಹೊಡೆದರು ಎನ್ನಬಹುದು. ಕಲ್ಲು ಮೊದಲಾದರೆ ಹೊಡೆಯಲೆಂದೇ ನಿಂತಿದ್ದರು. ಇಷ್ಟು ವರ್ಷ ನಾನು ಹೊಗೆಯನ್ನೇ ಮೊದಲಿಟ್ಟು ಹೇಳಿಕೊಂಡು ಬಂದಿದ್ದೇನೆ. ಕೇಳುವವರಿಗೆ ಅದು ಹಿತ.

ಎರಡು ಸಾವಿರದ ಇಸವಿಯ ಆಚೀಚೆ. ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಮಂಗಳೂರಿನ ಕೊರಿಯರ್ ಕಚೇರಿಗೆ ಹೊರದೇಶದಿಂದ ಬಂದ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತರಲು ಬಾಡಿಗೆ ವ್ಯಾನಿನಲ್ಲಿ ಹೋಗಿದ್ದೆ. ಪೆಟ್ಟಿಗೆ ತುಂಬ ಡ್ರೈ ಐಸ್, ಅಂದರೆ ಬಿಳಿ ಹೊಗೆಯಾಡುವ, ಬರಿಗೈಯಲ್ಲಿ ಮುಟ್ಟಿದರೆ ಸುಡುವಷ್ಟು ತಣ್ಣಗಿನ ಗಟ್ಟಿ ಇಂಗಾಲದ ಡೈಆಕ್ಸೈಡ್; ನಡುವೆ ಕಿರುಬೆರಳಿಗಿಂತ ಚಿಕ್ಕ ಶೀಶೆ. ಶೀಶೆಯಲ್ಲಿದ್ದದ್ದು ರಿಸೆಪ್ಟರ್ ಎಂಬ ಪ್ರೋಟೀನ್. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಕೂತು, ಹೊರಗಿನಿಂದ ಬಂದ ಸಂದೇಶವನ್ನು ಹಿಡಿಯುವಂಥದು. ಯಾರ ಮೈಯಿಂದಲೂ ಕಿತ್ತದ್ದಲ್ಲ. ಮನುಷ್ಯರ ಜೀನನ್ನು ಇಲಿಯ ಜೀವಕೋಶಗಳಿಗೆ ಸೇರಿಸಿ, ಅವುಗಳಿಂದ ಮಾಡಿಸಿ, ಒಣಗಿಸಿ ಕಳಿಸುತ್ತಾರೆ. ಅದು ಎಷ್ಟು ಕಡಿಮೆಯೆಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಮುಚ್ಚಳ ತೆಗೆಯುವ ಮೊದಲು ಶೀಶೆಯನ್ನು ಯಂತ್ರದಲ್ಲಿ ತಿರುಗಿಸಿ, ಆ ಕಾಣದ್ದನ್ನು ತಳಕ್ಕಿಳಿಸುವುದು ನಮ್ಮ ಪದ್ಧತಿ.

ವ್ಯಾನ್ ಓಡಿಸುತ್ತಿದ್ದವರು ಕುಕ್ಕುಂದೂರಿನವರು, ನನಗಿಂತ ಹತ್ತಾರು ವರ್ಷ ದೊಡ್ಡವರು. ಪಡುಬಿದ್ರಿ ದಾಟುವಾಗ ನಗೆಯಾಡಿದರು: “ಇಷ್ಟು ಐಸಿಗೆ ಒಂದು ದೊಡ್ಡ ಅಂಜಲ್ ಮೀನು ತರ್ಬಹುದಿತ್ತು ಸರ್. ಸಂಜೆಗೆ ಸಾರಾದ್ರೂ ಆಗ್ತಿತ್ತು.”

ಕಾಪುವಿಗೆ ಸ್ವಲ್ಪ ಮೊದಲು ರಸ್ತೆಗೆ ಅಡ್ಡಲಾಗಿ ಜನ ನಿಂತಿದ್ದರು. ಬೆಳಿಗ್ಗೆ ಅಲ್ಲಿ ಒಂದು ಮಗು ಕಾಣೆಯಾಗಿತ್ತಂತೆ. ಮಕ್ಕಳನ್ನು ಹಿಡಿದು ಕಿಡ್ನಿ ತೆಗೆಯುವವರು ತಿರುಗುತ್ತಿದ್ದಾರೆಂಬ ಸುದ್ದಿ ವಾರದಿಂದ ಹಬ್ಬಿತ್ತು. ಒಬ್ಬ ಕಿಟಕಿಯೊಳಗೆ ತಲೆ ಹಾಕಿದ.

“ಪೆಟ್ಟಿಗೆಯಲ್ಲಿ ಎಂತ ಉಂಟು? ಮೀನಾ? ಬಂಗುಡೆಯಾ?”

“ಪ್ರೋಟೀನ್. ಮಣಿಪಾಲದ ಲ್ಯಾಬಿಗೆ.”

“ಎಂತದ್ದರ ಪ್ರೋಟೀನ್?”

“ಮನುಷ್ಯರದ್ದು,” ಎಂದೆ. ಲ್ಯಾಬಿನಲ್ಲಿ ಯಾರು ಕೇಳಿದರೂ ಮೊದಲು ಯಾವ ಪ್ರಾಣಿಯದೆಂದು ಹೇಳುವುದು ರೂಢಿ. ಇಲಿಯದೋ, ಮನುಷ್ಯರದೋ ಎಂಬುದು ಅಲ್ಲಿ ದೊಡ್ಡ ವ್ಯತ್ಯಾಸ.

“ಮಣಿಪಾಲಕ್ಕೆ! ಐಸಿನಲ್ಲಿ! ಕಿಡ್ನಿ ಮಾರಾಯ, ಕಿಡ್ನಿ!”

ಕಲ್ಲು ಬಿದ್ದು ವ್ಯಾನಿನ ಗಾಜು ಒಡೆಯಿತು. ಪೆಟ್ಟಿಗೆ ರಸ್ತೆಗೆ ಬಿತ್ತು, ಬಿಳಿ ಹೊಗೆ ನೆಲಕ್ಕಂಟಿ ಹರಿಯಿತು. ಒಬ್ಬ ಯುವಕ ಬರಿಗೈ ಹಾಕಿ ತಡಕಿ, ಕಿರುಚಿ ಕೈ ಹಿಂದಕ್ಕೆಳೆದ. ಚರ್ಮ ಬೆಳ್ಳಗಾಗಿತ್ತು. ಆ್ಯಸಿಡ್ ಎಂದು ಯಾರೋ ಕೂಗಿದರು. ಡ್ರೈವರನ್ನು ಕಾಲು ಹಿಡಿದು ಹೊರಗೆಳೆದರು.

ಆಗ ಶೀಶೆ ಸಿಕ್ಕಿತು. ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಏನೂ ಇಲ್ಲ.

“ಖಾಲಿ ಉಂಟು! ಒಳಗಿದ್ದದ್ದು ಎಲ್ಲಿ ಅಡಗಿಸಿದ್ದಿ, ಹೇಳು!”

“ಅದರಲ್ಲೇ ಉಂಟು, ಕಾಣುವುದಿಲ್ಲ,” ಎಂದು ನಾನು ಕೂಗಿದೆ. ಅವರು ನಕ್ಕರು. ನಗುತ್ತಲೇ ಡ್ರೈವರ ಪಕ್ಕೆಗೆ ಒದ್ದರು. ಶೀಶೆಯಲ್ಲಿ ಒಂದು ಚಿಟಿಕೆ ಪುಡಿಯಾದರೂ ಕಂಡಿದ್ದರೆ ಹೊಡೆತ ಅಲ್ಲಿಗೆ ನಿಲ್ಲುತ್ತಿತ್ತೇನೋ. ನನ್ನ ಕುತ್ತಿಗೆಯಲ್ಲಿ ಕಾಲೇಜಿನ ಗುರುತಿನ ಚೀಟಿ ಇತ್ತು. “ಇವ ಓದುವವ, ಬಿಡಿ,” ಎಂದರು. ಇಬ್ಬರು ನನ್ನ ತೋಳು ಹಿಡಿದಿದ್ದರು. ಡ್ರೈವರ ಕೈಯನ್ನು ನಾನು ಹಿಡಿದುಕೊಂಡಿದ್ದೆ ಎಂಬ ನೆನಪೂ ಇದೆ. ತೋಳು ಹಿಡಿಸಿಕೊಂಡವನಿಗೆ ಅದು ಸಾಧ್ಯವಿಲ್ಲ. ಆ ನೆನಪನ್ನು ತೆಗೆದುಹಾಕುತ್ತೇನೆ.

ಕೈ ಸುಟ್ಟ ಯುವಕ ಹೆಗಲ ಮೇಲಿನ ಬೈರಾಸಿನಲ್ಲಿ ಡ್ರೈ ಐಸಿನ ತುಂಡೊಂದನ್ನು ಸುತ್ತಿ ಹಿಡಿದು ತಂದ. ಡ್ರೈವರ ಎದೆಯ ಮೇಲೆ ಕೂತು ಅದನ್ನು ಅವರ ಕಣ್ಣಿಗೆ ಒತ್ತಿದ. ಆ ಕೂಗು ಮಾತ್ರ ನನಗೆ ಒಂದೇ ರೀತಿಯಲ್ಲಿ ನೆನಪಿದೆ.

ಆಮೇಲೆ ಮಗು ಎಲ್ಲೂರಿನ ಅಜ್ಜಿಮನೆಯಲ್ಲಿ ಉಂಟೆಂದು ಯಾರೋ ಬೈಕಿನಲ್ಲಿ ಬಂದು ಹೇಳಿದರು. ಗುಂಪು ಸಡಿಲವಾಯಿತು. ಶೀಶೆಯನ್ನು ಚರಂಡಿಗೆ ಎಸೆದರು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹೊಡೆದವರಲ್ಲೇ ಒಬ್ಬ ಬಂದು ಸ್ಟಿಯರಿಂಗ್ ಹಿಡಿದ. ದಾರಿಯುದ್ದಕ್ಕೂ ನನ್ನನ್ನೇ ಬೈದ: “ಮೊದಲೇ ಸರಿಯಾಗಿ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?” ಉಡುಪಿಯ ಆಸ್ಪತ್ರೆಯ ಬಾಗಿಲಲ್ಲಿ ಕೀಲಿಕೈಯನ್ನು ಸೀಟಿನ ಮೇಲಿಟ್ಟು ಹೋದ.

ಬಾವು ಇಳಿಯುವವರೆಗೆ ಏನೂ ಹೇಳಲಾಗದು ಎಂದರು ಕಣ್ಣಿನ ಡಾಕ್ಟರು. ಡ್ರೈವರ್ ಬ್ಯಾಂಡೇಜಿನ ಕೆಳಗಿಂದ ಕೇಳಿದರು: “ಒಂದೇ ಕಣ್ಣಾದ್ರೆ ಲೈಸೆನ್ಸ್ ಹೋಗ್ತದಾ ಸರ್?” ನಾನು ಏನೋ ಹೇಳಿದೆ. ಮರುದಿನ ಅವರ ತಮ್ಮ ಬಂದು ಕರೆದುಕೊಂಡು ಹೋದರು.

ನಮ್ಮ ಪ್ರೊಫೆಸರು ಇನ್ನೊಂದು ಶೀಶೆ ತರಿಸಿದರು. ಪ್ರಯೋಗ ನಡೆಯಿತು.

ಕೆಲವು ತಿಂಗಳ ನಂತರ ಕುಕ್ಕುಂದೂರಿಗೆ ಹೋದೆ. ಅವರಿದ್ದ ಬಾಡಿಗೆ ಮನೆಯಲ್ಲಿ ಬೇರೆಯವರಿದ್ದರು. “ಅವರು ದುಬೈಗೆ ಹೋದ್ರಲ್ಲ, ಗಾಡಿ ಓಡಿಸ್ಲಿಕ್ಕೆ,” ಎಂದರು ಪಕ್ಕದ ಅಂಗಡಿಯವರು. ಒಳಗಿಂದ ಅಂಗಡಿಯವರ ಹೆಂಡತಿ, “ಎಂತ ದುಬೈ? ಕಣ್ಣು ಕಾಣದವ್ರನ್ನು ಯಾರು ಕರೀತಾರೆ? ಹೆಂಡತಿಯ ಊರಿಗೆ ಹೋಗಿದ್ದಾರೆ,” ಎಂದರು. ಇಬ್ಬರೂ ಜಗಳಕ್ಕೆ ನಿಂತರು, ಇಬ್ಬರಿಗೂ ವಿಳಾಸ ಗೊತ್ತಿರಲಿಲ್ಲ. ಆ ಕಣ್ಣು ಉಳಿಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.