ನೀಲಿ ಹಾಲು, ಗಂಜಿ ಅರಿವೆ

ಆಗ ನನಗೆ ಮೂವತ್ತೊಂದು. ಇದು ಮೂವತ್ತೈದು ವರ್ಷದ ಹಿಂದಿನ ಮಾತು. ಕುಪ್ಪೇಲೂರಿನಿಂದ ಮೊದಲ ಬಸ್ಸಿಗೆ ಎಮ್ಮೆಯ ಹಾಲು ತಂದು ರಾಣೆಬೆನ್ನೂರಿನ ಒಂದು ಚಹಾದ ಹೋಟೆಲಿಗೆ ಹಾಕುತ್ತಿದ್ದೆ. ದಿನಾ ಹಾಲು ಹಾಕುವ ಆ ವರ್ತನೆ ತಪ್ಪಿದರೆ ನಮ್ಮ ಒಲೆ ಹೊತ್ತುತ್ತಿರಲಿಲ್ಲ.

ಅವತ್ತು ಮಾಲಕ ಕ್ಯಾನು ಇಳಿಸಿಕೊಳ್ಳಲಿಲ್ಲ. ಹಾಲಿಗೆ ನೀರು ಹಾಕಿ, ಗಂಜಿ ಕಲಸಿ ಗಟ್ಟಿ ಮಾಡುತ್ತಾರೆಂದು ಪೇಟೆಯಲ್ಲಿ ಸುದ್ದಿಯಿತ್ತು. ಅವನ ಹೊಸ ಸೊಸೆ ಹಾವೇರಿಯ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ಗಾಯಕ್ಕೆ ಹಚ್ಚುವ ಅಯೋಡಿನ್ ತಂದು ಒಂದು ಲೋಟ ಹಾಲಿಗೆ ಎರಡು ಹನಿ ಬಿಟ್ಟಳು. ಹಾಲು ನೀಲಿಯಾಯಿತು.

“ಗಂಜಿ ಐತಿ,” ಅಂದ ಮಾಲಕ. “ನಾಳಿಂದ ಬರಬ್ಯಾಡ.”

“ಎಮ್ಮೀನ ಕರಕೊಂಡು ಬರ್ತೇನಿ, ಅದನ್ನ ಕೇಳ್ರಿ,” ಅಂದೆ. ಸಿಟ್ಟಿಗೆ ಕೈ ಬೀಸಿದೆ. ಮೇಜಿನ ಮೇಲಿದ್ದ ಬಾಟಲಿ ಉರುಳಿ ಅವನ ಗರಿಗರಿ ಧೋತರಕ್ಕೆ ಒಂದಿಷ್ಟು ಚೆಲ್ಲಿತು. ಅಂಗೈಯಗಲ ಕರಿನೀಲಿ ಕಲೆ.

“ಯಾಕ್ರಿ, ಧೋತರಕ್ಕೂ ನಾನ ಗಂಜಿ ಬೆರಸೀನೇನು?”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಅದಕ್ಕ ಹಾಕಿದಾಕಿ ನಾನ.”

ಆಗ ನನಗೆ ಹೊಳೆಯಿತು. ಅಮಾವಾಸ್ಯೆಯ ಮುನ್ನಾದಿನ ಸೀರೆಗಳನ್ನೆಲ್ಲ ಅನ್ನದ ಗಂಜಿಯಲ್ಲಿ ಅದ್ದುವುದು ನಮ್ಮ ಮನೆಯ ರೂಢಿ. ಹಿಂದಿನ ದಿನ ಹಾಲು ಸೋಸುವ ಅರಿವೆಯನ್ನೂ ಅದರಲ್ಲೇ ಅದ್ದಿ ಒಣಹಾಕಿದ್ದೆ; ಬೆಳಿಗ್ಗೆ ಹಾಲು ಸೋಸಿದ್ದು ಅದೇ ಅರಿವೆಯಲ್ಲಿ. ಬುಟ್ಟಿಯಿಂದ ಅದನ್ನು ತೆಗೆದು ಹಿಡಿದೆ. ಹನಿ ಬಿದ್ದದ್ದೇ ಅದೂ ನೀಲಿ.

“ಅದಿರಲಿ, ನನ್ನ ಧೋತರದ ಗತಿ?” ಅಂದ ಮಾಲಕ.

“ಉಗುಳ್ರಿ, ಮಾವಾರ.”

“ಯಾರ ಮ್ಯಾಲ?”

“ಆ ನೀಲಿ ಕಲಿ ಮ್ಯಾಲ. ಗಂಜಿ ಅಂದ್ರ ಸಕ್ಕರಿ ಮಣಿ ಪೋಣಿಸಿದ ಸರ ಇದ್ದಂಗ್ರಿ, ಬಳೀಹಂಗ ಸುತ್ತಿಕೊಂಡಿರತೈತಿ. ಆ ಸುತ್ತಿನೊಳಗ ಅಯೋಡಿನ್ ಹೊಕ್ಕು ಕುಂತ್ರ ನೀಲಿ. ಉಗುಳಿನೊಳಗ ಆ ಸರ ತುಂಡು ಮಾಡೋ ರಸ ಒಂದು ಐತಿ.”

ಅವನು ಉಗುಳಿದ. ಸಾಲಲಿಲ್ಲ. “ನೀನೂ ಉಗುಳು,” ಅಂದ ನನಗೆ. ಇಂಥದ್ದನ್ನು ಯಾರು ಬಿಡುತ್ತಾರೆ? ಬಾಯಿ ತುಂಬ ಉಗುಳಿದೆ. ಸೊಸೆ ಬೆರಳಿನಿಂದ ಉಜ್ಜಿದಳು. ಕಾಯುತ್ತ ನಿಂತೆವು. ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು-ಬಸಿ ಹಿಡಿದುಕೊಂಡೇ ಎದ್ದು ಬಂದರು.

“ನಾವೂ ಒಂದೊಂದು ಹಾಕೂಣೇನ್ರಿ, ಮಾಲಕರ?” ಅಂದ ಒಬ್ಬ.

ನೀಲಿ ಸರಿದು ಬರೀ ಕಂದು ಗುರುತು ಉಳಿಯಿತು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡವು. ಮಾಲಕನೂ ನಕ್ಕ, ಆದರೆ ಬಿಡಲಿಲ್ಲ. “ನಾಳಿ ಮತ್ತ ನೀಲಿ ಆದ್ರ ನಿನ್ನ ದಾರಿ ನಿಂದು.”

ಮರುದಿನ ಬೆಳಿಗ್ಗೆ ಗಂಜಿಯನ್ನೇ ಕಾಣದ ಹಳೆಯ ಪಂಚೆಯ ತುಂಡಿನಲ್ಲಿ ಹಾಲು ಸೋಸಿ ತಂದೆ. ಸೊಸೆ ಹನಿ ಬಿಟ್ಟಳು. ಹಾಲು ತುಸು ಹಳದಿಯಾಯಿತು, ನೀಲಿಯಾಗಲಿಲ್ಲ. ಕ್ಯಾನು ಪೂರ್ತಿ ಬಗ್ಗಿಸಿ, ಅವನ ಕೈಯಿಂದಲೇ ಒಂದು ಪುಕ್ಕಟೆ ಚಹಾ ಇಸಿದುಕೊಂಡು ಕುಡಿದು ಬಸ್ಸು ಹತ್ತಿದೆ.