ಅತ್ತೆಯ ಕಿವಿಗೆ ಸಿಕ್ಕಿಬಿದ್ದ ಲೊಡಲೊಡ

“ನಿಲ್ಸು ಗಾಡಿನ! ಇದು ಇಂಜಿನ್ ಸದ್ದಲ್ಲ ಕಣವ್ವ, ಕೊಬ್ರಿ ಸದ್ದು!”

ಶಾಂತಿಗ್ರಾಮದ ಹಂಪ್ ದಾಟುತ್ತಿದ್ದಂತೆ ಹಿಂದಿನ ಸೀಟಿನಿಂದ ಸೋದರತ್ತೆ ಕೂಗಿದರು. ಹದಿನೆಂಟು ವರ್ಷದ ನನ್ನ ಕಾರು ಎರಡು ತಿಂಗಳಿಂದ ಹಳ್ಳ ಸಿಕ್ಕಲ್ಲೆಲ್ಲ ಲೊಡಲೊಡ ಎನ್ನುತ್ತಿತ್ತು. ಮೂವರು ಮೆಕ್ಯಾನಿಕ್‌ಗಳು ಅಡಿಯಲ್ಲಿ ಮಲಗಿ ನೋಡಿದರು, ಶಾಕ್ ಅಬ್ಸಾರ್ಬರ್ ಬದಲಿಸಿದರು. ಸದ್ದು ನಿಲ್ಲಲಿಲ್ಲ. ಸೋತು, ಗುಜರಿಗೆ ಕೊಡಲೆಂದೇ ಅಂದು ಹಾಸನಕ್ಕೆ ಹೊರಟಿದ್ದೆ. ಚನ್ನರಾಯಪಟ್ಟಣದಲ್ಲಿ ಅತ್ತೆ ಜೊತೆಯಾಗಿದ್ದರು. ಅಟ್ಟದಲ್ಲಿ ಒಣಗಲು ಹಾಕಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವುದು ಅವರಿಗೆ ಐವತ್ತು ವರ್ಷದ ಅಭ್ಯಾಸ.

ಡಿಕ್ಕಿ ತೆಗೆಸಿದರು. ಸ್ಪೇರ್ ಟೈರಿನ ಹಿಂದಿನ ಸಂದಿಯಲ್ಲಿ ಮಟ್ಟೆ ಸುಲಿಯದ ಕಾಯಿಯೊಂದು ಸಿಕ್ಕಿಕೊಂಡಿತ್ತು. ಕಳೆದ ವರ್ಷ ಅವರೇ ತುಂಬಿ ಕಳಿಸಿದ್ದ ಕಾಯಿಗಳಲ್ಲೊಂದು! ಡಿಕ್ಕಿಯ ಬಿಸಿಗೆ ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳಾಡುತ್ತಿತ್ತು. ಅತ್ತೆ ಅದನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು. ಅದೇ ಲೊಡಲೊಡ! ಅಲ್ಲೇ ಕಾರು ತಿರುಗಿಸಿದೆ.

ಆ ಕೊಬ್ಬರಿಯಿಂದ ಮಿಠಾಯಿ ಮಾಡಿ ಮೂವರು ಮೆಕ್ಯಾನಿಕ್‌ಗಳಿಗೂ ಹಂಚಿದೆ. ಏನು ವಿಶೇಷ ಎಂದು ಕೇಳಿದರು. “ನಿಮ್ಮ ಕೈಗೆ ಸಿಗದ ಪಾರ್ಟು ಇದೇ, ತಿನ್ನಿ” ಎಂದೆ.