ನೆಟ್ ಕಡಿಯುವ ಬೆದರಿಕೆ

‘ಇಂದು ಸಂಜೆಯೊಳಗೆ ವಿವರ ದೃಢೀಕರಿಸದಿದ್ದರೆ ನಿಮ್ಮ ಮನೆಯ ಇಂಟರ್ನೆಟ್ ಸಂಪರ್ಕ ಕಡಿತವಾಗುತ್ತದೆ.’ ಇಮೇಲ್ ಓದಿ ಗಾಬರಿಯಾಯಿತು. ಮಾದಾಪುರದ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಅಲ್ಲೇ ನಿಂತು ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಲು ಹೊರಟೆ. ವಿಷಯ ಕೇಳಿ, ಕಾಫಿ ಹರಡುತ್ತಿದ್ದ ಅತ್ತೆ ತಲೆಯೆತ್ತಿದರು.

“ಆನೆ ಕಂಬ ಬೀಳ್ಸಿ ಮೊನ್ನೆಯಿಂದ ನೆಟ್ಟೇ ಇಲ್ವಲ್ಲೇ. ಇವ್ನು ಇನ್ನೇನ್ ಕಡೀತಾನಂತೆ?”

ನನ್ನ ಬೆರಳು ಅಲ್ಲೇ ನಿಂತಿತು. ಹೌದಲ್ಲ, ಕಂಪನಿಗೆ ದೂರು ಕೊಟ್ಟವಳೇ ನಾನು! ಕಳುಹಿಸಿದವರ ವಿಳಾಸ ನೋಡಿದರೆ ಕಂಪನಿಯ ಹೆಸರೇ ಇಲ್ಲ, ಅರ್ಥವಿಲ್ಲದ ಅಕ್ಷರಗಳ ಸಾಲು. ಇಬ್ಬರೂ ಕಣದಲ್ಲೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಈಗ ನೆಟ್ ವಾಪಸ್ ಬಂದಿದೆ. ಹೆದರಿಸುವ ಇಮೇಲ್ ಯಾವುದೇ ಬರಲಿ, ಅತ್ತೆಯದು ಒಂದೇ ಪ್ರಶ್ನೆ: “ಇವ್ನಿಗೆ ನಮ್ಮ ಆನೆ ವಿಷ್ಯ ಗೊತ್ತೇನೇ?”